ಕಾಲೇಜಿನ ಗೋಡೆಯ ಮೇಲಿನ ಕಾಗದ

ಮಕ್ಕಳೇ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಿಮ್ಮ ಮುಖ್ಯೋಪಾಧ್ಯಾಯರು ಒಂದೆರಡು ಮಾತು ಹೇಳುವುದುಂಟು. "ನಾಳೆ ಎಲ್ಲರೂ ಆಧಾರ್ ಕಾರ್ಡಿನ ಪ್ರತಿ ತನ್ನಿರಿ." "ಶನಿವಾರ ಡಾಕ್ಟರು ಬರುತ್ತಾರೆ, ಯಾರೂ ಶಾಲೆ ತಪ್ಪಿಸಬೇಡಿರಿ." ಹೀಗೆ ಎಲ್ಲರಿಗೂ ತಿಳಿಯಲೆಂದು ಹೇಳುವ ಮಾತಿಗೆ ಪ್ರಕಟಣೆ ಎಂದು ಹೆಸರು. ಅಂದು ಶಾಲೆಗೆ ಬಂದವರಿಗೆ ಈ ಮಾತು ತಿಳಿಯುತ್ತದೆ. ಜ್ವರ ಬಂದು ಮನೆಯಲ್ಲಿ ಮಲಗಿದವನಿಗೆ ತಿಳಿಯುವುದಿಲ್ಲ. ಪಕ್ಕದ ಮನೆಯ ಗೆಳೆಯ ಸಂಜೆ ಹೋಗಿ ಹೇಳಿದರೆ ಮಾತ್ರ ತಿಳಿಯುತ್ತದೆ.

ಹಿಂದೆ ಊರುಗಳಲ್ಲಿ ಡಂಗುರ ಸಾರುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿರಿ. ಹಲಗೆ ಬಾರಿಸುತ್ತಾ ಒಬ್ಬನು ಓಣಿ ಓಣಿ ತಿರುಗುತ್ತಿದ್ದನು. ಮೂಲೆ ಬಂದಲ್ಲಿ ನಿಂತು, ಸಂತೆಯ ದಿನವನ್ನೋ ಜಾತ್ರೆಯ ದಿನವನ್ನೋ ಕಂದಾಯ ಕಟ್ಟುವ ಕೊನೆಯ ದಿನವನ್ನೋ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದನು. ಹೊಲಕ್ಕೆ ಹೋದವರಿಗೆ ಅದು ಕೇಳಿಸುತ್ತಿರಲಿಲ್ಲ. ಆದುದರಿಂದ ಅವನು ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಮತ್ತೊಮ್ಮೆ ತಿರುಗುತ್ತಿದ್ದನು. ಮಾತು ಎಲ್ಲರಿಗೂ ಮುಟ್ಟಬೇಕು ಎಂಬುದು ಅವನ ಕೆಲಸದ ನಿಯಮ.

ನೀವು ಮುಂದೆ ದೊಡ್ಡವರಾಗಿ ಕಾಲೇಜಿಗೆ ಹೋಗುತ್ತೀರಿ. ಅಲ್ಲಿ ಡಂಗುರವಿಲ್ಲ. ಎಲ್ಲ ವಿದ್ಯಾರ್ಥಿಗಳೂ ಒಂದೇ ಹೊತ್ತಿಗೆ ಬಂದು ಸಾಲಾಗಿ ನಿಲ್ಲುವ ಪ್ರಾರ್ಥನೆಯೂ ಬಹಳ ಕಡೆ ಇಲ್ಲ. ಒಬ್ಬರಿಗೆ ಬೆಳಗ್ಗೆ ಪಾಠ, ಇನ್ನೊಬ್ಬರಿಗೆ ಮಧ್ಯಾಹ್ನ ಪಾಠ. ಹಾಗಾದರೆ ಅಲ್ಲಿ ಮಾತು ಎಲ್ಲರಿಗೂ ಮುಟ್ಟುವುದು ಹೇಗೆ? ಅದನ್ನು ಈ ಪಾಠದಲ್ಲಿ ನೋಡೋಣ.

ಗದ್ವಾಲದ ಮಕ್ಕಳಿಗೆ ತಮ್ಮ ಊರಿನ ಕೋಟೆ ಗೊತ್ತು. ಸೋಮನಾದ್ರಿ ಎಂದು ಹೆಸರಾದ ಪೆದ್ದ ಸೋಮಭೂಪಾಲನು ಇದನ್ನು ಸುಮಾರು ಮುನ್ನೂರು ವರ್ಷಗಳ ಹಿಂದೆ ಕಟ್ಟಿಸಿದನು. ಕೋಟೆಯ ಒಳಗೆ ಚೆನ್ನಕೇಶವಸ್ವಾಮಿಯ ಗುಡಿಯಿದೆ. ಅದೇ ಕೋಟೆಯ ಆವರಣದಲ್ಲಿ ಸರ್ಕಾರಿ ಪದವಿ ಕಾಲೇಜೂ ಇದೆ. ಗದ್ವಾಲ ಸಂಸ್ಥಾನವನ್ನು ಆಳಿದ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರನ್ನು ಆ ಕಾಲೇಜಿಗೆ ಇಟ್ಟಿದ್ದಾರೆ. ಒಂದು ಕಾಲಕ್ಕೆ ಸೈನಿಕರು ಕಾವಲು ನಿಂತಿದ್ದ ಹೆಬ್ಬಾಗಿಲಿನಲ್ಲಿ ಇಂದು ಪುಸ್ತಕ ಹಿಡಿದ ಹುಡುಗ ಹುಡುಗಿಯರು ಹಾದು ಹೋಗುತ್ತಾರೆ. ನಾರಾಯಣಪೇಟೆಯಲ್ಲಿಯೂ ಸರ್ಕಾರಿ ಪದವಿ ಕಾಲೇಜು ಇದೆ. ಇವು ಹೈದರಾಬಾದಿನ ಕಾಲೇಜುಗಳಂತೆ ಬಹಳ ದೊಡ್ಡವಲ್ಲ. ಮಹಬೂಬನಗರದಲ್ಲಿ 2008ರಲ್ಲಿ ಪಾಲಮೂರು ವಿಶ್ವವಿದ್ಯಾಲಯ ಆರಂಭವಾಯಿತು. ನಮ್ಮ ಭಾಗದ ಪದವಿ ಕಾಲೇಜುಗಳು ಅದಕ್ಕೆ ಸೇರಿವೆ.

ಇಂತಹ ಯಾವ ಕಾಲೇಜಿಗೆ ಹೋದರೂ ಕಚೇರಿಯ ಹತ್ತಿರ ಗೋಡೆಯ ಮೇಲೆ ಒಂದು ಹಲಗೆ ಕಾಣುತ್ತದೆ. ಅದೇ ಸೂಚನಾ ಫಲಕ. ನೋಟಿಸು ಬೋರ್ಡು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕೆಲವು ಕಡೆ ಅದಕ್ಕೆ ಗಾಜಿನ ಬಾಗಿಲೂ ಬೀಗವೂ ಇರುತ್ತವೆ. ಕೆಲವು ಕಡೆ ಬರಿಯ ಮರದ ಹಲಗೆ ಇರುತ್ತದೆ, ಅದರ ಮೇಲೆ ಹೊಸ ಕಾಗದ, ಹಳೆಯ ಕಾಗದ, ಹರಿದ ಕಾಗದ ಎಲ್ಲ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ನೋಡಲು ಇದು ಏನೂ ಚೆಂದವಿಲ್ಲ. ಆದರೆ ಆ ಕಾಗದಗಳ ನಡುವೆ ಒಬ್ಬ ವಿದ್ಯಾರ್ಥಿಯ ಇಡೀ ವರ್ಷದ ಓದು ಅಡಗಿರಬಹುದು.

ಆ ಕಾಗದ ಗೋಡೆಗೆ ಬರುವ ದಾರಿಯನ್ನು ತಿಳಿದುಕೊಳ್ಳಿರಿ. ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ಕಾಲೇಜಿಗೆ ಒಂದು ಪತ್ರ ಬರುತ್ತದೆ. ಕಚೇರಿಯ ಗುಮಾಸ್ತರು ಅದನ್ನು ಓದಿ, ವಿದ್ಯಾರ್ಥಿಗಳಿಗೆ ಬೇಕಾದ ಮಾತನ್ನು ಅದರಿಂದ ತೆಗೆದು ಚಿಕ್ಕದಾಗಿ ಬರೆಯುತ್ತಾರೆ. ಪ್ರಾಂಶುಪಾಲರು, ಅಂದರೆ ಕಾಲೇಜಿನ ಮುಖ್ಯಸ್ಥರು, ಅದಕ್ಕೆ ರುಜು ಹಾಕುತ್ತಾರೆ. ತಾರೀಖು ಬರೆದು ಮುದ್ರೆ ಒತ್ತುತ್ತಾರೆ. ಅನಂತರ ಅಟೆಂಡರು ಅದನ್ನು ತರಗತಿಯಿಂದ ತರಗತಿಗೆ ಒಯ್ಯುತ್ತಾರೆ. ಉಪನ್ಯಾಸಕರು ಪಾಠ ನಿಲ್ಲಿಸಿ ಅದನ್ನು ಓದಿ ಹೇಳುತ್ತಾರೆ. ಕೊನೆಗೆ ಅದು ಫಲಕಕ್ಕೆ ಹೋಗುತ್ತದೆ. ಈಗ ಮೊಬೈಲ್ ಫೋನಿನಲ್ಲಿಯೂ ಅದರ ಚಿತ್ರವನ್ನು ಕಳುಹಿಸುತ್ತಾರೆ. ಫೋನಿದ್ದವರಿಗೆ ಇದು ಅನುಕೂಲ. ಆದರೆ ಮನೆಯಲ್ಲಿ ಒಂದೇ ಫೋನಿದ್ದು, ಅದನ್ನು ಅಪ್ಪ ಹೊಲಕ್ಕೆ ಒಯ್ದಿದ್ದರೆ? ಆದುದರಿಂದ ಗೋಡೆಯ ಮೇಲಿನ ಕಾಗದ ಇನ್ನೂ ಬೇಕು ಎಂದೇ ನನ್ನ ಅಭಿಪ್ರಾಯ.

ಒಂದು ಪ್ರಕಟಣೆಯನ್ನು ನಾವೇ ಓದೋಣ. ಇದು ನಿಮಗಾಗಿ ಬರೆದ ಮಾದರಿ.

"ಪದವಿ ಮೊದಲನೆಯ ವರ್ಷದ ವಿದ್ಯಾರ್ಥಿಗಳ ಗಮನಕ್ಕೆ. ವಿದ್ಯಾರ್ಥಿ ವೇತನ ಬೇಕಾದವರು ಈ ತಿಂಗಳ 25ನೆಯ ತಾರೀಖಿನೊಳಗೆ ಆನ್‌ಲೈನ್ ಮೂಲಕ ಅರ್ಜಿ ಹಾಕಬೇಕು. ಅರ್ಜಿಯ ಪ್ರತಿಗೆ ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, 10ನೆಯ ತರಗತಿಯ ಅಂಕಪಟ್ಟಿ, ಬ್ಯಾಂಕ್ ಪಾಸುಪುಸ್ತಕದ ಮೊದಲನೆಯ ಪುಟ ಇವುಗಳ ಪ್ರತಿಗಳನ್ನು ಸೇರಿಸಿ ಕಚೇರಿಯಲ್ಲಿ ಕೊಡಬೇಕು. ತಿಳಿಯದವರು ಮಧ್ಯಾಹ್ನ 2 ಗಂಟೆಯಿಂದ 4 ಗಂಟೆಯವರೆಗೆ ಕಚೇರಿಯಲ್ಲಿ ವಿಚಾರಿಸಬಹುದು. ಪ್ರಾಂಶುಪಾಲರು."

ಎಷ್ಟು ಚಿಕ್ಕದು! ಆದರೆ ಇದನ್ನು ಕಥೆ ಓದಿದಂತೆ ಓದಿದರೆ ಸಾಲದು. ಮೊದಲು, ಇದು ಯಾರಿಗೆ ಎಂದು ನೋಡಬೇಕು. ಮೊದಲನೆಯ ವರ್ಷದವರಿಗೆ. ನಾನು ಆ ವರ್ಷದವನೇ? ಹೌದು. ಹಾಗಾದರೆ ಮುಂದೆ ಓದಬೇಕು. ಏನು ಕೊಡುತ್ತಾರೆ? ವಿದ್ಯಾರ್ಥಿ ವೇತನ. ಓದುವ ಮಕ್ಕಳ ಖರ್ಚಿಗೆ ಸರ್ಕಾರ ಕೊಡುವ ಹಣವಿದು. ಯಾವಾಗಿನವರೆಗೆ? 25ರವರೆಗೆ. ಏನೇನು ತರಬೇಕು? ನಾಲ್ಕು ಪ್ರತಿಗಳು. ತಿಳಿಯದಿದ್ದರೆ ಯಾರನ್ನು ಕೇಳಬೇಕು? ಅದನ್ನೂ ಬರೆದಿದ್ದಾರೆ. ಬಹಳ ಜನ ಈ ಕೊನೆಯ ಸಾಲನ್ನು ಓದುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಸಾಲು. "ಬಂದು ಕೇಳಬಹುದು" ಎಂದು ಪ್ರಾಂಶುಪಾಲರೇ ರುಜು ಹಾಕಿ ಬರೆದ ಮೇಲೆ ಕೇಳಲು ನಾಚಿಕೆ ಏಕೆ?

ಇನ್ನು ಆ ತಾರೀಖಿನ ವಿಷಯ. 25ನೆಯ ತಾರೀಖು ಎಂದರೆ 24ರಂದು ಕೆಲಸ ಆರಂಭಿಸಬಹುದು ಎಂದು ಅರ್ಥವಲ್ಲ. ಆದಾಯ ಪ್ರಮಾಣ ಪತ್ರಕ್ಕೆ ಮೀ ಸೇವಾ ಕೇಂದ್ರದಲ್ಲಿ ಅರ್ಜಿ ಕೊಡಬೇಕು. ಅಲ್ಲಿಂದ ಅದು ಮಂಡಲದ ತಹಸೀಲ್ದಾರರ ಕಚೇರಿಗೆ ಹೋಗುತ್ತದೆ. ಅಲ್ಲಿ ವಿಚಾರಣೆ ಮಾಡಿ, ಒಪ್ಪಿಗೆಯಾದ ಮೇಲೆ ಪತ್ರ ಕೈಗೆ ಬರುತ್ತದೆ. ಇದಕ್ಕೆ ಕೆಲವು ದಿನಗಳು ಬೇಕು. ನಡುವೆ ಭಾನುವಾರ ಬರುತ್ತದೆ, ಹಬ್ಬ ಬರುತ್ತದೆ. ಬ್ಯಾಂಕಿನ ಖಾತೆಯಲ್ಲಿ ಹೆಸರು ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಅದನ್ನು ಸರಿಪಡಿಸಲು ಮತ್ತಷ್ಟು ದಿನಗಳು. ನಮ್ಮ ಭಾಗದಲ್ಲಿ ಈ ತೊಂದರೆ ಹೆಚ್ಚು. ಒಂದೇ ಹೆಸರನ್ನು ಕನ್ನಡದಿಂದ ಒಬ್ಬರು, ತೆಲುಗಿನಿಂದ ಇನ್ನೊಬ್ಬರು ಇಂಗ್ಲಿಷಿಗೆ ಇಳಿಸಿ ಬರೆಯುತ್ತಾರೆ. ಬಸವರಾಜನು ಒಂದು ಕಾಗದದಲ್ಲಿ ಬಸವರಾಜು ಆಗುತ್ತಾನೆ. ಹತ್ತನೆಯ ತರಗತಿಗೆ ಹೋದಾಗ ನಿಮ್ಮ ಹೆಸರಿನ ಅಕ್ಷರಗಳನ್ನು ನೀವೇ ಒಮ್ಮೆ ನೋಡಿಕೊಳ್ಳಿರಿ. ಆಗ ಐದು ನಿಮಿಷ ಕೊಟ್ಟು ನೋಡಿದರೆ ಮುಂದೆ ಐದು ಸಲ ಬಸ್ಸು ಹತ್ತುವುದು ತಪ್ಪುತ್ತದೆ.

ಈಗ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿ ಊಹಿಸಿಕೊಳ್ಳಿರಿ. ಅವಳದು ಮಕ್ತಲ್ ಹತ್ತಿರದ ಒಂದು ಹಳ್ಳಿ. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಪ್ಪ ಹತ್ತಿ ಬಿಡಿಸಲು ಹೋಗುತ್ತಾರೆ, ಅವ್ವ ಕೂಲಿಗೆ ಹೋಗುತ್ತಾರೆ. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಂದು ಹೆಂಗಸರಿಗೂ ಹುಡುಗಿಯರಿಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾಯಿತು. ಆದುದರಿಂದ ಬಸ್ಸಿನ ಖರ್ಚಿಗೆ ಅವಳು ಹೆದರಬೇಕಿಲ್ಲ. ಆದರೆ ಆ ವಾರ ಅವ್ವನಿಗೆ ಕಾಯಿಲೆ. ಹುಡುಗಿ ಹತ್ತು ದಿನ ಕಾಲೇಜಿಗೆ ಬರಲಿಲ್ಲ. ಬಂದ ದಿನ ಫಲಕದ ಮೇಲೆ ಬೇರೆ ಕಾಗದಗಳು ಬಂದಿದ್ದವು. ವಿದ್ಯಾರ್ಥಿ ವೇತನದ ಕಾಗದ ಕೆಳಗೆ ಮುಚ್ಚಿ ಹೋಗಿತ್ತು. ಯಾರೂ ಅವಳಿಗೆ ಹೇಳಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. ಸರ್ಕಾರದ ಹಣ ಸರ್ಕಾರದಲ್ಲೇ ಉಳಿಯಿತು. ಮನೆಯವರು ಏನು ಯೋಚಿಸುತ್ತಾರೆ? "ಫೀಸಿಗೆ ಎಲ್ಲಿಂದ ತರೋಣ, ಓದಿದ್ದು ಸಾಕು ಬಿಡು ತಾಯಿ" ಎನ್ನುತ್ತಾರೆ. ಬಡತನದಿಂದ ಓದು ನಿಂತಿತು ಎಂದು ಊರಿನವರು ಹೇಳುತ್ತಾರೆ. ಬಡತನ ಇದ್ದದ್ದು ನಿಜ. ಆದರೆ ಆ ಬಡತನಕ್ಕೆಂದೇ ಇಟ್ಟಿದ್ದ ಸಹಾಯ ಗೋಡೆಯ ಮೇಲೆ ಇತ್ತು, ಅವಳವರೆಗೆ ಬರಲಿಲ್ಲ.

ಪರೀಕ್ಷಾ ಶುಲ್ಕದ ಪ್ರಕಟಣೆಯೂ ಇಂತಹದೇ. ಇಂತಹ ತಾರೀಖಿನವರೆಗೆ ದಂಡವಿಲ್ಲ, ಆಮೇಲೆ ಇಷ್ಟು ದಂಡ ಎಂದು ಅದರಲ್ಲಿ ಬರೆದಿರುತ್ತಾರೆ. ಕೊನೆಯ ತಾರೀಖೂ ದಾಟಿದರೆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಹಾಜರಾತಿಯ ಪ್ರಕಟಣೆಯೂ ಇರುತ್ತದೆ. ನೂರು ದಿನ ಪಾಠ ನಡೆದರೆ 75 ದಿನವಾದರೂ ಬಂದಿರಬೇಕು ಎಂಬ ನಿಯಮ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯ. ವಿದ್ಯಾರ್ಥಿ ವೇತನಕ್ಕೂ ಹಾಜರಾತಿಯನ್ನು ನೋಡುತ್ತಾರೆ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಇದೆ. ನೀವು ಕನ್ನಡದಲ್ಲಿ ಓದುತ್ತಿದ್ದೀರಿ. ಹತ್ತನೆಯ ತರಗತಿ ಮುಗಿದ ಮೇಲೆ ಕೆಲವರು ಕೃಷ್ಣಾ ನದಿ ದಾಟಿ ರಾಯಚೂರಿಗೆ ಹೋಗುತ್ತಾರೆ. ಅಲ್ಲಿ ಕನ್ನಡವಿದೆ. ಕೆಲವರು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿಯೇ ಇಂಟರ್ಮೀಡಿಯಟ್ ಸೇರುತ್ತಾರೆ. ಇಲ್ಲಿ ಫಲಕದ ಮೇಲಿನ ಕಾಗದ ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಇರುತ್ತದೆ. ತೆಲುಗನ್ನು ನೀವು ಆಟದ ಬಯಲಿನಲ್ಲಿ, ಸಂತೆಯಲ್ಲಿ ಮಾತನಾಡುತ್ತೀರಿ. ಅಕ್ಷರಗಳೂ ನಮ್ಮ ಅಕ್ಷರಗಳಿಗೆ ಬಹಳ ಹತ್ತಿರ. ಸ್ವಲ್ಪ ಪ್ರಯತ್ನಿಸಿದರೆ ಓದಲು ಬರುತ್ತದೆ. ಇಂಗ್ಲಿಷಿನ ಕಾಗದದಲ್ಲಿ ಪದೇ ಪದೇ ಬರುವ ಪದಗಳು ಹೆಚ್ಚಿಲ್ಲ. ಲಾಸ್ಟ್ ಡೇಟ್ ಎಂದರೆ ಕೊನೆಯ ತಾರೀಖು. ಅಪ್ಲಿಕೇಷನ್ ಎಂದರೆ ಅರ್ಜಿ. ಬೋನಫೈಡ್ ಎಂದರೆ ಈ ವಿದ್ಯಾರ್ಥಿ ನಮ್ಮಲ್ಲಿ ಓದುತ್ತಿದ್ದಾನೆ ಎಂದು ಕಾಲೇಜು ಕೊಡುವ ಪತ್ರ. ಎಲಿಜಿಬಲ್ ಎಂದರೆ ಅರ್ಹ, ಅಂದರೆ ಪಡೆಯಲು ಹಕ್ಕುಳ್ಳವನು. ಇಂತಹ ಹತ್ತಿಪ್ಪತ್ತು ಪದಗಳು ತಿಳಿದರೆ ಅರ್ಧ ಕಾಗದ ತಿಳಿದಂತೆಯೇ. ಉಳಿದ ಅರ್ಧವನ್ನು ಕೇಳಿ ತಿಳಿದುಕೊಳ್ಳಬಹುದು.

ಇದು ಹೊಸ ತೊಡಕೂ ಅಲ್ಲ. ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1918ರಲ್ಲಿ, ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಅಲ್ಲಿ ಪಾಠಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವ ಹುಡುಗರು ಉರ್ದು ಕಲಿತು ಓದಿದರು. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಆ ಪದ್ಧತಿ ಬದಲಾಯಿತು. ಗಡಿಯ ಮಕ್ಕಳು ಎರಡು ಮೂರು ಭಾಷೆ ಕಲಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ.

ಕಾಲೇಜಿನ ಫಲಕದ ಮೇಲೆ ಹಣದ ಮಾತು ಮಾತ್ರ ಇರುತ್ತದೆ ಎಂದು ತಿಳಿಯಬೇಡಿರಿ. ಆಟದ ಪಂದ್ಯ, ಭಾಷಣ ಸ್ಪರ್ಧೆ, ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕಗಳು, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಇವೂ ಇರುತ್ತವೆ. ಸೇವಾ ಯೋಜನೆಯವರನ್ನು ನೀವು ನೋಡಿರಬಹುದು. ಕಾಲೇಜಿನ ಅಣ್ಣ ಅಕ್ಕಂದಿರು ಒಂದು ಹಳ್ಳಿಗೆ ಬಂದು ಏಳು ದಿನ ಉಳಿದು, ಚರಂಡಿ ಸ್ವಚ್ಛ ಮಾಡುತ್ತಾರೆ, ಸಸಿ ನೆಡುತ್ತಾರೆ, ಸಂಜೆ ಮಕ್ಕಳಿಗೆ ಹಾಡು ಕಲಿಸುತ್ತಾರೆ. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಈ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮಾಡಬೇಕು. ಯಾರಿಗೂ ಬಲವಂತವಿಲ್ಲ, ಇಷ್ಟವಿದ್ದವರು ಹೆಸರು ಕೊಡುತ್ತಾರೆ.

ಮನಸ್ಸಿಗೆ ಸಂಬಂಧಿಸಿದ ಸಹಾಯವೂ ಉಂಟು. ಹೊಸದಾಗಿ ಬಂದ ಹುಡುಗನನ್ನು ಹಿರಿಯ ವಿದ್ಯಾರ್ಥಿಗಳು ಗೇಲಿ ಮಾಡುವುದು, ಹೆದರಿಸುವುದು, ಹಿಂಸೆ ಕೊಡುವುದು ಹಿಂದೆ ಹಲವು ಕಾಲೇಜುಗಳಲ್ಲಿತ್ತು. ಇದಕ್ಕೆ ರ‍್ಯಾಗಿಂಗ್ ಎಂದು ಹೆಸರು. ಕೆಲವರು ಇದನ್ನು ತಮಾಷೆ ಎನ್ನುತ್ತಾರೆ. ಅಳುವವನು ಅಳುತ್ತಿರುವಾಗ ಅದು ತಮಾಷೆ ಹೇಗಾಗುತ್ತದೆ? ಇದರಿಂದ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳೂ ಇದ್ದಾರೆ. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಇದನ್ನು ತಡೆಯಲು ಕಠಿಣ ನಿಯಮಗಳನ್ನು ಮಾಡಿತು. ಪ್ರತಿ ಕಾಲೇಜಿನಲ್ಲಿ ಇದನ್ನು ತಡೆಯುವ ಸಮಿತಿ ಇರಬೇಕು. ದೂರು ಹೇಳಲು ಇಡೀ ದೇಶಕ್ಕೆ 1800-180-5522 ಎಂಬ ಉಚಿತ ದೂರವಾಣಿ ಸಂಖ್ಯೆ ಇದೆ. ಮನಸ್ಸು ಭಾರವಾದವರು ಮಾತನಾಡಲು 2022ರ ಅಕ್ಟೋಬರ್ 10ರಂದು 14416 ಎಂಬ ಸಂಖ್ಯೆ ಆರಂಭವಾಯಿತು. ನಿಮ್ಮಂತಹ ಚಿಕ್ಕ ಮಕ್ಕಳಿಗೆ 1098 ಇದೆ. ಯಾರಾದರೂ ಹೊಡೆದರೆ, ಕೆಲಸಕ್ಕೆ ಹಚ್ಚಿದರೆ, ಶಾಲೆ ಬಿಡಿಸಿ ಮದುವೆ ಮಾಡಲು ಹೊರಟರೆ ಆ ಸಂಖ್ಯೆಗೆ ಹೇಳಬಹುದು. ನಾಲ್ಕೇ ಅಂಕೆಗಳು, ಬಾಯಿಪಾಠ ಮಾಡಿಕೊಳ್ಳಿರಿ.

ಕಣ್ಣು ಕಾಣದ ವಿದ್ಯಾರ್ಥಿ ಪರೀಕ್ಷೆ ಬರೆಯುವುದು ಹೇಗೆ ಗೊತ್ತೇ? ಅವನು ಉತ್ತರ ಹೇಳುತ್ತಾನೆ, ಅವನ ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅದನ್ನು ಬರೆಯುತ್ತಾರೆ. ಅವನಿಗೆ ಪ್ರತಿ ಗಂಟೆಗೆ 20 ನಿಮಿಷವಾದರೂ ಹೆಚ್ಚಿನ ಸಮಯ ಕೊಡಬೇಕು. ಮೂರು ಗಂಟೆಯ ಪರೀಕ್ಷೆ ಅವನಿಗೆ ನಾಲ್ಕು ಗಂಟೆ. ಇದಕ್ಕೂ ಮುಂಚಿತವಾಗಿ ಅರ್ಜಿ ಕೊಡಬೇಕು, ಇದಕ್ಕೂ ಫಲಕದ ಮೇಲೆ ಕಾಗದ ಬರುತ್ತದೆ. ಆದರೆ ಕಣ್ಣು ಕಾಣದವನು ಆ ಕಾಗದವನ್ನು ಓದಲಾರನು. ಅವನ ಗೆಳೆಯರು ಓದಿ ಹೇಳಬೇಕು.

ಇಷ್ಟೆಲ್ಲ ಸಹಾಯವನ್ನು ಗೋಡೆಯ ಮೇಲೆ ಬರೆದು ಏಕೆ ಹಾಕಬೇಕು? ಬೇಕಾದವರನ್ನು ಕರೆದು ಕೊಟ್ಟರಾಗದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬಹಳ ಹಿಂದಕ್ಕೆ ಹೋಗೋಣ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಕ್ಕೆ.

ನಮ್ಮ ಮಕ್ತಲ್ ಸೀಮೆಯ ಗಡಿಯಲ್ಲಿ ಭೀಮಾ ನದಿ ಬಂದು ಕೃಷ್ಣೆಯನ್ನು ಸೇರುತ್ತದೆ. ಆ ಭೀಮಾ ನದಿಯ ದಂಡೆ ಹಿಡಿದು ಮೇಲಕ್ಕೆ, ಪಶ್ಚಿಮದ ಕಡೆಗೆ ಹೋದರೆ ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಸಿಗುತ್ತದೆ. ಅಲ್ಲಿ ಸಾಲೋಟಗಿ ಎಂಬ ಊರಿದೆ. ಆಗ ಅದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಎಂಬ ರಾಜನು ಆಗ ಆಳುತ್ತಿದ್ದನು. ಅವನ ರಾಜಧಾನಿ ಮಾನ್ಯಖೇಟ. ಅದೇ ಇಂದಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ, ನಾರಾಯಣಪೇಟೆಗೆ ಬಹಳ ದೂರವೇನಲ್ಲ. ಆ ರಾಜನ ಮಂತ್ರಿ ನಾರಾಯಣ ಎಂಬುವನು ಪಾವಿಟ್ಟಗೆಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಾಲೆ ಎಂದರೆ ನಿಮ್ಮ ಪ್ರಾಥಮಿಕ ಶಾಲೆಯಂತಹದಲ್ಲ, ಇಂದಿನ ಕಾಲೇಜಿನಂತಹದು. ದೂರ ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ಉಳಿದು ಓದುತ್ತಿದ್ದರು.

ದೂರದಿಂದ ಬಂದವರು ಎಲ್ಲಿ ಮಲಗಬೇಕು? ಅವರಿಗಾಗಿ 27 ಮನೆಗಳನ್ನು ಕೊಟ್ಟರು. ಏನು ಊಟ ಮಾಡಬೇಕು? 500 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟರು. ನಿವರ್ತನ ಎಂಬುದು ಆ ಕಾಲದ ಭೂಮಿಯ ಅಳತೆ. ರಾತ್ರಿ ಓದುವುದು ಹೇಗೆ? ಕರೆಂಟು ಇಲ್ಲದ ಕಾಲ. ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ. ಗುರುಗಳ ಜೀವನಕ್ಕೆ 50 ನಿವರ್ತನ. ಊರಿನವರೂ ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಮದುವೆಯಾದರೆ ಐದು ಕಾಣಿಕೆ, ಉಪನಯನವಾದರೆ ಅದರ ಅರ್ಧ, ಚಿಕ್ಕ ಮಗುವಿನ ಕೂದಲು ತೆಗೆಸುವ ಶಾಸ್ತ್ರವಾದರೆ ಅದಕ್ಕಿಂತ ಕಡಿಮೆ, ಹೀಗೆ ಶಾಲೆಗೆ ಕೊಡಬೇಕೆಂದು ನಿರ್ಣಯವಾಯಿತು. ದೀಪದ ಎಣ್ಣೆಯನ್ನೂ ನೆನಪಿಟ್ಟು ಲೆಕ್ಕ ಹಾಕಿದ್ದಾರಲ್ಲ, ಆ ಮಾತು ನನಗೆ ಬಹಳ ಹಿಡಿಸಿತು.

ಇದೆಲ್ಲ ನಮಗೆ ಹೇಗೆ ತಿಳಿಯಿತು? ಅವರು ಅದನ್ನು ಒಂದು ಕಲ್ಲಿನ ಕಂಬದ ಮೇಲೆ ಕೊರೆಸಿ ನಿಲ್ಲಿಸಿದರು. ಅದು 945ನೆಯ ಇಸವಿಯ ಶಾಸನ. ಕಂಬವೇ ಅಂದಿನ ಸೂಚನಾ ಫಲಕ. ಓದಲು ಬರುವವರೆಲ್ಲ ಅದನ್ನು ಓದಬಹುದಾಗಿತ್ತು. ಮುಂದೆ ಯಾರಾದರೂ ಆ ಭೂಮಿಯನ್ನು ಕಸಿದುಕೊಳ್ಳಲು ಬಂದರೆ, ಊಟ ಕೊಡುವುದಿಲ್ಲ ಎಂದರೆ, ವಿದ್ಯಾರ್ಥಿಗಳೂ ಊರಿನವರೂ ಕಂಬದ ಕಡೆ ಕೈ ತೋರಿಸಬಹುದಾಗಿತ್ತು. ಬರೆದು ಎಲ್ಲರೆದುರು ನಿಲ್ಲಿಸಿದ ಮಾತು ತೆಗೆದುಕೊಳ್ಳುವವನಿಗೆ ಸುದ್ದಿಯಾಗುತ್ತದೆ. ಕೊಡುವವನನ್ನೂ ಅದು ಕಟ್ಟಿಹಾಕುತ್ತದೆ. ಗೋಡೆಯ ಮೇಲೆ ಕಾಗದ ಹಾಕುವುದು ಇದಕ್ಕೇ. ಗುಟ್ಟಾಗಿ ಕೊಟ್ಟರೆ ಅದು ಕೊಡುವವನ ಇಷ್ಟ, ಕೊಟ್ಟರೂ ಕೊಟ್ಟಾನು, ಬಿಟ್ಟರೂ ಬಿಟ್ಟಾನು. ರುಜು ಮತ್ತು ತಾರೀಖು ಹಾಕಿ ಬರೆದ ಮೇಲೆ ಅರ್ಹರಾದವರೆಲ್ಲರೂ ಕೇಳಬಹುದು. ಆದುದರಿಂದ ವಿದ್ಯಾರ್ಥಿ ವೇತನವನ್ನು ಕೇಳುವವನು ಭಿಕ್ಷೆ ಬೇಡುತ್ತಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಸಾಲೋಟಗಿಯ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಕಾಲದ ಇಂತಹ ಶಾಲೆಗಳಲ್ಲಿ ವೇದ ಶಾಸ್ತ್ರಗಳನ್ನು ಕಲಿಯುವ ಬ್ರಾಹ್ಮಣ ಹುಡುಗರಿಗೆ ಮಾತ್ರ ಅವಕಾಶವಿತ್ತು. ಹೊಲ ಉತ್ತವರ ಮಕ್ಕಳಿಗೆ, ಬಟ್ಟೆ ನೇಯುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಆ ಕಂಬ ಏನನ್ನೂ ಹೇಳಲಿಲ್ಲ. ಅವರು ಬಹಳ ಕಾಲ ಕಾಯಬೇಕಾಯಿತು.

ಡಾ. ಬಿ. ಆರ್. ಅಂಬೇಡ್ಕರರ ಚಿತ್ರ ನಿಮ್ಮ ಶಾಲೆಯಲ್ಲಿ ಇರುತ್ತದೆ. ಅವರು ಬಾಲಕರಾಗಿದ್ದಾಗ ತರಗತಿಯಲ್ಲಿ ಎಲ್ಲರ ಜೊತೆ ಕೂರಲು ಬಿಡುತ್ತಿರಲಿಲ್ಲ. ಅವರು ಕಾಲೇಜಿನಲ್ಲಿ ಓದುವಾಗ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿ ವೇತನ ಕೊಟ್ಟರು. 1913ರಲ್ಲಿ ಅವರದೇ ಸಹಾಯದಿಂದ ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಒಬ್ಬ ರಾಜ ಒಬ್ಬ ವಿದ್ಯಾರ್ಥಿಗೆ ಕೊಟ್ಟ ಸಹಾಯ. ಮುಂದೆ 1944ರಲ್ಲಿ, ಅಂಬೇಡ್ಕರರು ದೆಹಲಿಯಲ್ಲಿ ವೈಸರಾಯರ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ಮೇಲೆ ಓದಲು ಸರ್ಕಾರದ ವಿದ್ಯಾರ್ಥಿ ವೇತನ ಆರಂಭವಾಯಿತು. ಈಗ ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮಕ್ಕಳಿಗೂ ಇಂತಹ ಯೋಜನೆಗಳು ಇವೆ. ಕಾಲೇಜಿನ ಗೋಡೆಯ ಮೇಲೆ ನಾವು ಓದಿದ ಕಾಗದ ಅಲ್ಲಿಂದ ಬಂದದ್ದು.

ಕೃಷ್ಣೆಯ ಆಚೆ ದಡದ ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರಲ್ಲಿ ಒಂದು ಶಾಲೆ ಆರಂಭಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಹಮ್‌ದರ್ದ್. ಇದು ಉರ್ದು ಮಾತು. ನೋವಿನಲ್ಲಿ ಜೊತೆಯಾದವನು ಎಂದು ಅದರ ಅರ್ಥ. ಶಾಲೆಗೆ ಇಂತಹ ಹೆಸರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ನೀವು ಕಾಲೇಜಿಗೆ ಹೋಗಲು ಇನ್ನೂ ವರ್ಷಗಳಿವೆ. ಆದರೆ ಫಲಕ ಓದುವ ಅಭ್ಯಾಸವನ್ನು ಈಗಲೇ ಆರಂಭಿಸಬಹುದು. ನಿಮ್ಮ ತರಗತಿಯಲ್ಲಿ ಒಂದು ರಟ್ಟನ್ನು ಗೋಡೆಗೆ ತೂಗುಹಾಕಿರಿ. ಕೈಗೆ ಎಟಕುವ ಎತ್ತರದಲ್ಲಿರಲಿ. ಬಹಳ ಶಾಲೆಗಳಲ್ಲಿ ಫಲಕವನ್ನು ಗುರುಗಳ ಎತ್ತರಕ್ಕೆ ಹಾಕಿರುತ್ತಾರೆ, ಮಕ್ಕಳು ಕತ್ತು ಎತ್ತಿ ನೋಡಬೇಕು. ಪ್ರಾರ್ಥನೆಯಲ್ಲಿ ಹೇಳಿದ ಮಾತನ್ನು ಒಬ್ಬರು ಕನ್ನಡದಲ್ಲಿ ಬರೆದು ಅಲ್ಲಿ ಹಚ್ಚಲಿ. ಯಾರಿಗೆ, ಏನು, ಯಾವಾಗ, ಎಲ್ಲಿ, ಯಾರನ್ನು ಕೇಳಬೇಕು, ಇಷ್ಟೂ ಅದರಲ್ಲಿರಲಿ. ಕೆಳಗೆ ಅದೇ ಮಾತನ್ನು ಬಲ್ಲವರು ತೆಲುಗಿನಲ್ಲಿ ಬರೆಯಲಿ. ಅಂದು ಬಾರದವರ ಹೆಸರನ್ನು ಪಕ್ಕದಲ್ಲಿ ಬರೆದು, ಅವರ ಮನೆಯ ಹತ್ತಿರದವರು ಯಾರು, ಸಂಜೆ ಹೋಗಿ ಹೇಳುವವರು ಯಾರು ಎಂಬುದನ್ನು ಆಗಲೇ ನಿರ್ಧರಿಸಿರಿ.

ತಾರೀಖು ದಾಟಿದ ಕಾಗದವನ್ನು ಅಂದೇ ತೆಗೆಯಿರಿ. ಇಲ್ಲದಿದ್ದರೆ ಹೊಸ ಕಾಗದ ಅದರಡಿಯಲ್ಲಿ ಮುಚ್ಚಿ ಹೋಗುತ್ತದೆ. ತೆಗೆದುದನ್ನು ಎಸೆಯದೆ ಒಂದು ದಾರಕ್ಕೆ ಪೋಣಿಸಿ ಇಟ್ಟುಕೊಳ್ಳಿರಿ. ವರ್ಷದ ಕೊನೆಗೆ ಅದನ್ನು ಬಿಚ್ಚಿ ಓದಿದರೆ, ನಿಮ್ಮ ತರಗತಿಯಲ್ಲಿ ಯಾವ ತಿಂಗಳು ಏನೇನು ನಡೆಯಿತು, ಯಾರು ಯಾರ ಮನೆಗೆ ಹೋಗಿ ಸುದ್ದಿ ಹೇಳಿದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ.